ಹಂಡೆಯೊಲೆಯ ಬಾಯಿ

1997ರವರೆಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ದಾವಣಗೆರೆ ಜಿಲ್ಲೆಯಾಗಿ ಒಂದಾದರೂ ಸ್ನಾನದ ಹಂಡೆಯೊಲೆಗೆ ಹಾಕುವ ಉರುವಲು ನೆಲಕ್ಕೆ ತಕ್ಕಂತೆ ಬೇರೆಯೇ. ತೋಟಗಳ ಚನ್ನಗಿರಿಯಲ್ಲಿ ಅಡಿಕೆಸಿಪ್ಪೆ. ಮಳೆ ಕಡಿಮೆಯಿರುವ ಜಗಳೂರಿನಲ್ಲಿ ಮೆಕ್ಕೆಜೋಳದ ಬೆಂಡು. ಬೆಂಡು ಭರ್ರನೆ ಉರಿದು ಮುಗಿಯುತ್ತದೆ. ಹಸಿ ಸಿಪ್ಪೆಯಂತೂ ಹೊಗೆಯ ತವರು!

ರಾತ್ರಿಯ ಬೆಚ್ಚನೆಯ ಬೂದಿ ಬೆಕ್ಕಿಗೆ ಹಾಸಿಗೆ. ಅದರ ಕೂದಲು ಸುಟ್ಟ ಕಮಟು ವಾಸನೆ ಮುಂಜಾನೆಯ ಪೂಜೆಯ ಹೊತ್ತಿಗೆ ಮನೆಯೆಲ್ಲ ಹಬ್ಬುವುದುಂಟು. ಆದರೆ ಕೂದಲಿಗಿಂತ ಹೆಚ್ಚಿನ ಕೇಡು ಬೂದಿಯದು. ಅದು ತುಂಬಿದರೆ ಗಾಳಿಯಾಡದೆ ಹೊಗೆ ಹೊರಳಿ ತಾಯಂದಿರ ಕಣ್ಣು, ಎದೆಗೇ ಬರುತ್ತದೆ. ಕೆಂಡ ಆರಿದ ಬಳಿಕ ಒಲೆಯ ಬಾಯಿಗೆ ತಗಡು ಮುಚ್ಚಬೇಕು. ಬೆಳಿಗ್ಗೆ ಬೂದಿ ತೋಡಿ, ಒಳಗೆ ಬೆಕ್ಕಿನ ಮರಿ ಮಲಗಿಲ್ಲವೆಂದು ನೋಡಿಯೇ ಉರಿ ಹಚ್ಚಬೇಕು.