ಕುದುರೆಯ ಸೀರಮ್, ನಾಯಿಗಳ ಓಟ

1925ರ ಜನವರಿ. ಅಲಾಸ್ಕಾದ ಪಶ್ಚಿಮದಂಚಿನ ನೋಮ್ ಪಟ್ಟಣ. ಕಡಲು ಹೆಪ್ಪುಗಟ್ಟಿದೆ. ಹಡಗು ಬರುವಂತಿಲ್ಲ, ರೈಲು ಇಲ್ಲವೇ ಇಲ್ಲ. ಊರಿಗೆಲ್ಲ ಒಬ್ಬನೇ ವೈದ್ಯ, ಕರ್ಟಿಸ್ ವೆಲ್ಚ್. ಮಕ್ಕಳ ಗಂಟಲಲ್ಲಿ ಬೂದುಬಣ್ಣದ ಪೊರೆ ಕಂಡು ಬೆಚ್ಚಿದ. ಗಂಟಲುಮಾರಿ! ದಾಸ್ತಾನಿನಲ್ಲಿದ್ದ ಸೀರಮ್ಮಿನ ಅವಧಿ ಮುಗಿದಿತ್ತು.

ಈ ರೋಗಾಣು ಗಂಟಲಲ್ಲೇ ಬೀಡುಬಿಡುತ್ತದೆ; ಕೊಲ್ಲುವುದು ಅದು ಕಕ್ಕುವ ವಿಷ. ರಕ್ತಕ್ಕಿಳಿದು ಹೃದಯ ತಲುಪಿ, ಜೀವಕೋಶಗಳ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಮದ್ದಿನ ದಾರಿಯನ್ನು 1890ರಲ್ಲಿ ಬರ್ಲಿನ್‌ನಲ್ಲಿ ಬೆಹ್ರಿಂಗ್, ಕಿಟಸಾಟೊ ತೋರಿಸಿದ್ದರು. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ ಪಳಗಿಸಿ, ಅದರ ಸೀರಮ್ ತೆಗೆದರೆ, ಅದರಲ್ಲಿನ ಪ್ರತಿಕಾಯಗಳು ರಕ್ತದಲ್ಲಿ ಅಲೆಯುವ ವಿಷವನ್ನು ಹಿಡಿದು ಕಟ್ಟಿಹಾಕುತ್ತವೆ. ರೋಗಾಣುವನ್ನು ಮುಗಿಸುವುದು ದೇಹದ ಪಾಲಿನ ಕೆಲಸ. ಅಲ್ಲಿಯವರೆಗೆ ಜೀವ ಉಳಿಸುವುದು ಸೀರಮ್ಮಿನ ಪಾಲು. ಆದರೆ ವಿಷ ಒಮ್ಮೆ ಜೀವಕೋಶದೊಳಗೆ ಹೊಕ್ಕಿತೋ, ಕೈಮೀರಿತು.

ಹಾಗಾಗಿ ಗಂಟೆಗಳ ಲೆಕ್ಕ.

ಆಂಕರೇಜ್‌ನ ಆಸ್ಪತ್ರೆಯಲ್ಲಿ 3 ಲಕ್ಷ ಯೂನಿಟ್ ಸಿಕ್ಕಿತು. ಗಾಜಿನ ಸೀಸೆಗಳು, ಸುತ್ತ ರಜಾಯಿ, ಅದರ ಮೇಲೆ ಲೋಹದ ಡಬ್ಬಿ. ರೈಲು ನೆನಾನಾದಲ್ಲಿ ಇಳಿಸಿ ಕೈತೊಳೆದುಕೊಂಡಿತು. ಮುಂದಿನದು 674 ಮೈಲು ಹಿಮ. ಅಂಚೆಯವರಿಗೆ ಸುಮಾರು 25 ದಿನದ ಹಾದಿ!

ನಾಯಿಬಂಡಿಗಳ ಸರದಿ ಓಟವೇ ಗತಿ. ಜನವರಿ 27ರ ರಾತ್ರಿ ಮೊದಲ ಸರದಿಯ ಬಿಲ್ ಶಾನನ್ ಬಂಡಿ ಹೂಡಿದ. ಮೈನಸ್ 45 ಡಿಗ್ರಿಗಿಂತಲೂ ಕೆಳಗಿನ ಚಳಿ. ಮೈ ಬಿಸಿಯಾಗಲೆಂದು ಇಳಿದು ಓಡಿದ, ಹತ್ತಿದ, ಮತ್ತೆ ಓಡಿದ. ಮುಖ ಕಪ್ಪಾಯಿತು. ಸೋತ ಮೂರು ನಾಯಿಗಳನ್ನು ಮಿಂಟೋದಲ್ಲಿ ಬಿಟ್ಟು ಮುನ್ನುಗ್ಗಿದ.

ಡಬ್ಬಿ ಕೈಯಿಂದ ಕೈಗೆ ದಾಟಿತು. ಚಾರ್ಲಿ ಇವಾನ್ಸ್‌ನ ಸರದಿಗೆ ಮುಂಚೂಣಿಯ ಎರಡೂ ನಾಯಿಗಳು ಕುಸಿದವು. ಅವುಗಳ ತೊಡೆಸಂದಿಗೆ ಮೊಲದ ತೊಗಲು ಕಟ್ಟಲು ಮರೆತಿದ್ದನಂತೆ. ನೊಗಕ್ಕೆ ತಾನೇ ಹೆಗಲು ಕೊಟ್ಟು ಎಳೆದ.

ಅತ್ತ ನೋಮ್‌ನಿಂದ ಲಿಯೊನಾರ್ಡ್ ಸೆಪಾಲ ಎದುರು ಹೊರಟಿದ್ದ. ಸರದಿಯ ಯೋಜನೆ ನಡುವೆ ಬದಲಾದದ್ದು ಅವನಿಗೆ ತಿಳಿದಿರಲಿಲ್ಲ. ಸೀರಮ್ ಇನ್ನೂ ದೂರದಲ್ಲಿದೆ ಎಂದೇ ನಂಬಿದ್ದ. ಶಾಕ್ಟೂಲಿಕ್ ಬಳಿ ಎದುರು ಬಂಡಿಯನ್ನು ದಾಟಿ ಹೋಗುವುದರಲ್ಲಿದ್ದಾಗ ಹಿಂದಿನಿಂದ ಕೂಗು: ಸೀರಮ್ ಇಲ್ಲಿದೆ!

ಡಬ್ಬಿ ಹೇರಿಕೊಂಡು ತಿರುಗಿದ. ಸುತ್ತುದಾರಿ ಬಳಸಲು ಹೊತ್ತಿಲ್ಲ. ನಾರ್ಟನ್ ಕೊಲ್ಲಿಯ ಮಂಜುಗಡ್ಡೆಯ ಮೇಲೇ ಬಂಡಿ ಬಿಟ್ಟ. ಕತ್ತಲು, ಬಿರುಗಾಳಿ, ಕೆಳಗೆ ಕಡಲು. ಮುಂದೆ 12ರ ಮುದಿನಾಯಿ ಟೋಗೊ, ದಾರಿ ಮೂಸುತ್ತ. ಅವರು ದಡ ಸೇರಿದ ಕೆಲವೇ ಗಂಟೆಗಳಲ್ಲಿ ಆ ಮಂಜುಗಡ್ಡೆ ಒಡೆದು ತೇಲಿಹೋಯಿತು!

ಕೊನೆಗೆ ಗುನ್ನಾರ್ ಕಾಸೆನ್, ಮುಂದೆ ಬಾಲ್ಟೋ. ಗಾಳಿ ಬಂಡಿಯನ್ನೇ ಮಗುಚಿತು. ಡಬ್ಬಿ ಹಿಮದಲ್ಲಿ ಮಾಯ. ಕೈಗವಸು ಕಿತ್ತೆಸೆದು ಬರಿಗೈಯಲ್ಲಿ ಬಗೆದ, ತಡವಿದ. ಸಿಕ್ಕಿತು. ಮುಂದಿನ ತಂಗುದಾಣದಲ್ಲಿ ದೀಪವಿಲ್ಲ, ಸರದಿಯವ ಮಲಗಿದ್ದ. ಎಬ್ಬಿಸದೆ ಓಡಿಸಿದ.

ಫೆಬ್ರವರಿ 2, ಬೆಳಗಿನ 5.30. ನೋಮ್! ನೆನಾನಾ ಬಿಟ್ಟು ಐದೂವರೆ ದಿನವೂ ತುಂಬಿರಲಿಲ್ಲ. 20 ಮಂದಿ, ಸುಮಾರು 150 ನಾಯಿಗಳು. ನನ್ನ ಎಣಿಕೆಯಲ್ಲಿ ಮೊದಲ ಹೂಮಾಲೆ ಟೋಗೊಗೆ ಸಲ್ಲಬೇಕಿತ್ತು. ನ್ಯೂಯಾರ್ಕಿನಲ್ಲಿ ಪ್ರತಿಮೆ ಎದ್ದದ್ದು ಬಾಲ್ಟೋಗೆ.

ಸೀರಮ್ ಗಡ್ಡೆಕಟ್ಟಿತ್ತು, ಒಂದು ಸೀಸೆಯೂ ಒಡೆದಿರಲಿಲ್ಲ. ವೆಲ್ಚ್ ಅದನ್ನು ಕರಗಿಸಿ, ಮಧ್ಯಾಹ್ನದ ಹೊತ್ತಿಗೆ ಸೂಜಿ ಹಿಡಿದ. ಆದರೆ ಅಷ್ಟು ಮದ್ದು ಸುಮಾರು 30 ರೋಗಿಗಳಿಗಷ್ಟೇ. ಎರಡನೆಯ ಕಂತನ್ನು ಹಡಗು ಸಿಯಾಟಲ್‌ನಿಂದ ತರುತ್ತಿತ್ತು. ಅದನ್ನೂ ನೋಮ್‌ಗೆ ಮುಟ್ಟಿಸಬೇಕಾದದ್ದು ನಾಯಿಗಳೇ.