ಬಿಚ್ಚದೆ ಉಳಿದ ದೋಣಿ

ಒಳಗೆ ಕಾಲಿಟ್ಟ ಕೂಡಲೇ ಕನ್ನಡಕಕ್ಕೆ ಮಂಜು ಕವಿಯುತ್ತದೆ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಪಕ್ಕದ ಫ್ರೇಮ್ ಕೆರೆ ಹೆಪ್ಪುಗಟ್ಟಿ, ಜನ ಅದರ ಮೇಲೆ ನಾಯಿ ಓಡಾಡಿಸುತ್ತಿದ್ದಾರೆ. ಹತ್ತು ಗಂಟೆಗೆ ಎದ್ದ ಸೂರ್ಯ ಮೂರಕ್ಕೆಲ್ಲ ಮುಳುಗುತ್ತಾನೆ. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನ ರಾಜಧಾನಿ ಯೆಲ್ಲೋನೈಫ್‌ನಲ್ಲಿ ಡಿಸೆಂಬರ್ ಎಂದರೆ ಇಷ್ಟೇ ಹಗಲು. ನೀವು ನಿಂತಿರುವುದು ಪ್ರಿನ್ಸ್ ಆಫ್ ವೇಲ್ಸ್ ನಾರ್ದರ್ನ್ ಹೆರಿಟೇಜ್ ಸೆಂಟರ್‌ನಲ್ಲಿ. ಈಗ ದೊರೆಯಾಗಿರುವ ಚಾರ್ಲ್ಸ್, ಯುವರಾಜನಾಗಿದ್ದಾಗ 1979ರಲ್ಲಿ ಬಂದು ಇದನ್ನು ಉದ್ಘಾಟಿಸಿ ಹೋದ. ಹೆಸರು ಅವನದು, ಒಳಗಿರುವುದೆಲ್ಲ ಇಲ್ಲಿಯವರದು.

ಮಕ್ಕಳು ಹೊಟ್ಟು ತುಂಬಿ ನಿಲ್ಲಿಸಿದ ಮಸ್ಕ್ ಆಕ್ಸ್ ಕಡೆಗೆ ಓಡುತ್ತಾರೆ. ಓಡಲಿ. ನೀವು ದೋಣಿಯ ಹತ್ತಿರ ಬನ್ನಿ.

ಮರದ್ದೆಂದುಕೊಂಡಿರಾದರೆ ಬಗ್ಗಿ ನೋಡಿ. ಹಲಗೆಯೇ ಇಲ್ಲ. ಸ್ಪ್ರೂಸ್ ಮರದ ಗಳುಗಳನ್ನು ಬಗ್ಗಿಸಿ ಕಟ್ಟಿದ ಹಂದರ, ಅದರ ಮೇಲೆ ಬಿಗಿದ ಮೂಸ್ ತೊಗಲು. ಮೂಸ್ ಅಂದರೆ ಕಡವೆಯ ಕುಲದಲ್ಲೇ ಎಲ್ಲಕ್ಕಿಂತ ದೊಡ್ಡ ಪ್ರಾಣಿ. ಆದರೂ ಒಂದು ತೊಗಲು ಸಾಲದು, ಹಲವನ್ನು ಕೂಡಿಸಿ ಹೊಲಿಯಬೇಕು. ಒಂದು ತೊಗಲು ಮುಗಿದು ಇನ್ನೊಂದು ಶುರುವಾಗುವಲ್ಲಿ ಹೊಲಿಗೆಯ ಏಣು ಕಾಣುತ್ತದೆ. ನೀರು ಜಿನುಗದಂತೆ ಆ ಸಂದಿಗೆ ಕೊಬ್ಬು ಮೆತ್ತುತ್ತಿದ್ದರು. ತುಂಗಭದ್ರೆಯ ಹರಿಗೋಲುಗಳಿಗೂ ಹಿಂದೆ ತೊಗಲೇ ಹೊದಿಕೆ; ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಅದನ್ನು ಬರೆದಿಟ್ಟಿದ್ದಾನೆ. ಆದರೆ ಹರಿಗೋಲು ದಡದಿಂದ ದಡಕ್ಕೆ ದಾಟಿಸುವಂಥದ್ದು. ಇದು ಒಂದು ದಿಕ್ಕಿಗೆ ಮಾತ್ರ ಹೋಗುವ ದೋಣಿ.

ಇಲ್ಲಿನ ಮೂಲನಿವಾಸಿಗಳಾದ ಡೆನೆಗಳಲ್ಲಿ ಶುಹ್ತಾಗೊತಿನೆ ಎಂಬ ಬೆಟ್ಟದ ಜನ ಚಳಿಗಾಲವೆಲ್ಲ ಮೆಕೆಂಜಿ ಪರ್ವತಗಳಲ್ಲಿ ಬೇಟೆಯಾಡುತ್ತಿದ್ದರು. ಹೊಳೆಯ ಮಂಜು ಒಡೆದ ಮೇಲೆ ಅಲ್ಲೇ, ಬೇಟೆಯ ತೊಗಲಿನಲ್ಲೇ ದೋಣಿ ಕಟ್ಟಿ, ಹೆಂಡಿರು ಮಕ್ಕಳು ನಾಯಿಗಳು ಒಣಮಾಂಸ ಎಲ್ಲವನ್ನೂ ಹೇರಿಕೊಂಡು ಕೀಲ್ ನದಿಯ ಸೆಳೆತಕ್ಕೆ ಇಳಿಯುತ್ತಿದ್ದರು. ಕೆಳಗೆ ಮೆಕೆಂಜಿ ನದಿಯ ದಂಡೆಯ ತುಲಿತಾ ತಲುಪಿ ತುಪ್ಪಳ ಮಾರಿದರೆ ದೋಣಿಯ ಕೆಲಸ ಮುಗಿಯಿತು. ಬಿಚ್ಚಿಹಾಕಿ ತೊಗಲನ್ನು ಬೇರೆ ಬಳಕೆಗೆ ಹಚ್ಚಿ, ವಾಪಸು ಬೆಟ್ಟಕ್ಕೆ ನಾಯಿಗಳ ಬೆನ್ನಿಗೆ ಮೂಟೆ ಹೇರಿ ನಡೆದೇ ಹೋಗುತ್ತಿದ್ದರು. ಹಾಗಾಗಿ ಎಷ್ಟು ದೋಣಿ ಕಟ್ಟಿದರೂ ಹಳೆಯದೊಂದು ಉಳಿಯುವ ಮಾತೇ ಇರಲಿಲ್ಲ. ನಿಮ್ಮೆದುರಿನದು 1980ರ ದಶಕದ ಆರಂಭದಲ್ಲಿ, ಕೈಗೆ ಆ ಕೆಲಸ ಇನ್ನೂ ನೆನಪಿದ್ದ ಹಿರಿಯರು ಕಟ್ಟಿದ್ದು. ಇದೊಂದನ್ನು ಯಾರೂ ಬಿಚ್ಚಲಿಲ್ಲ. ಉಳಿಸಿಕೊಳ್ಳಲೆಂದೇ ಕಟ್ಟಿದ ಇದು ನಿಜವಾದ ದೋಣಿಯೋ ಪ್ರದರ್ಶನದ ವಸ್ತುವೋ ಎಂದು ವಾದಿಸುವವರು ಇರಬಹುದು. ನನಗೆ ಆ ವಾದದಲ್ಲಿ ಹುರುಳು ಕಾಣುವುದಿಲ್ಲ. ಹೊಳೆಯಲ್ಲಿ ತೇಲದ ದೋಣಿಯನ್ನು ಬೆಟ್ಟದ ಮುದುಕರು ಕಟ್ಟುವವರಲ್ಲ.

ಕ್ಯಾರಿಬೂ ಎಂಬ ಉತ್ತರದ ಹಿಮಸಾರಂಗದ ತೊಗಲಿನ ಗುಡಾರದ ಕಥೆ ಇದಕ್ಕೆ ತದ್ವಿರುದ್ಧ. 1890ರ ದಶಕದಲ್ಲಿ ಫ್ರಾಂಕ್ ರಸೆಲ್ ಎಂಬವನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯಕ್ಕಾಗಿ ವಸ್ತು ಕೂಡಿಹಾಕುತ್ತ ಈ ಸೀಮೆಗೆ ಬಂದ. ಡೆನೆಗಳಲ್ಲೇ ಇನ್ನೊಂದು ಪಂಗಡವಾದ ತ್ಲಿಚೋ ಜನರಿಂದ ಅವನು ಕೊಂಡ ಗುಡಾರ ಅಲ್ಲಿನ ಉಗ್ರಾಣದಲ್ಲಿ ಮಡಿಸಿಕೊಂಡು ಬಿದ್ದಿತ್ತು. ಇತ್ತ ಬಟ್ಟೆಯ ಡೇರೆ ಬಂತು, ತೊಗಲಿನದನ್ನು ಹೊಲಿಯುವವರೇ ಇಲ್ಲವಾದರು. ನೂರು ವರ್ಷದ ಮೇಲೆ, 1990ರ ದಶಕದ ಕೊನೆಗೆ, ಗುಡಾರ ತವರಿಗೆ ಮರಳಿತು. ಅದನ್ನು ನೋಡಿಕೊಂಡು ತ್ಲಿಚೋ ಹೆಂಗಸರು ಹೊಸದನ್ನು ಹೊಲಿದರು, ಶಾಲೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಹೊತ್ತೊಯ್ದವರಿಗೆ ಥ್ಯಾಂಕ್ಸ್ ಹೇಳಬೇಕೋ ಬೈಯಬೇಕೋ, ನೀವೇ ನೋಡಿ.

ವಿಮಾನಗಳ ವಿಭಾಗವನ್ನು ಬೇಗ ದಾಟೋಣ. ಮ್ಯಾಕ್ಸ್ ವಾರ್ಡ್ 1946ರಲ್ಲಿ ಒಂದೇ ಒಂದು ಫಾಕ್ಸ್ ಮಾತ್ ವಿಮಾನ ಇಟ್ಟುಕೊಂಡು ಈ ಊರಿನಿಂದ ಬಾಡಿಗೆ ಹಾರಾಟ ಶುರುಮಾಡಿ, ಕಡೆಗೆ ವಾರ್ಡ್‌ಏರ್ ಎಂಬ ದೊಡ್ಡ ಕಂಪನಿಯನ್ನೇ ಕಟ್ಟಿದ. ಅವನ ಕಥೆ ಹೇಳುವವರು ಬೇಕಾದಷ್ಟಿದ್ದಾರೆ.

ಇದೇ ಕಟ್ಟಡದಲ್ಲಿ ಪತ್ರಾಗಾರ. ಪೆನ್ನು ಒಳಗಿಟ್ಟು ಪೆನ್ಸಿಲ್ ತೆಗೆಯಿರಿ. ಪೆಟ್ಟಿಗೆಗಳಲ್ಲಿ ಕಾಗದಕ್ಕಿಂತ ಫೋಟೊ ಮತ್ತು ಧ್ವನಿಮುದ್ರಿಕೆಗಳು ನನ್ನನ್ನು ಹಿಡಿದು ನಿಲ್ಲಿಸುತ್ತವೆ. ಹನ್ನೊಂದು ಅಧಿಕೃತ ಭಾಷೆಗಳಿರುವ ನಾಡಿದು, ಅವುಗಳಲ್ಲಿ ಒಂಬತ್ತು ಮೂಲನಿವಾಸಿಗಳವು. ಹಿರಿಯರು ಬರೆದಿಟ್ಟಿದ್ದಕ್ಕಿಂತ ಬಾಯಲ್ಲಿ ಹೇಳಿದ್ದೇ ಹೆಚ್ಚು. ಹಳೆಯ ಫೋಟೊಗಳಲ್ಲಿ ಪಾದ್ರಿಗೆ ಹೆಸರಿರುತ್ತದೆ, ಪೊಲೀಸನಿಗೆ ಹೆಸರಿರುತ್ತದೆ, ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತ ಹೆಂಗಸಿಗೆ ಇರುವುದಿಲ್ಲ. ಊರುಗಳನ್ನು ಹುಡುಕುವಾಗಲೂ ಎಚ್ಚರ ಬೇಕು: ದೆಲಿನೆ 1993ಕ್ಕೆ ಮುಂಚಿನ ಕಡತಗಳಲ್ಲಿ ಫೋರ್ಟ್ ಫ್ರಾಂಕ್ಲಿನ್, ಬೆಹ್ಚೊಕೊ 2005ರವರೆಗೆ ರೇ-ಎಡ್ಜೊ. ಊರವರು ತಮ್ಮ ಹೆಸರನ್ನು ವಾಪಸು ಪಡೆದರು, ಪೆಟ್ಟಿಗೆಯ ಚೀಟಿಗಳು ಹಳೆಯ ಹೆಸರಲ್ಲೇ ಉಳಿದವು.

ಹೊರಡುವ ಮುಂಚೆ ಇನ್ನೊಂದು. ಬೇಸಿಗೆಯಲ್ಲಿ ಕ್ಯಾರಿಬೂಗಳು ಸೆಖೆಗೂ ಸೊಳ್ಳೆಗೂ ಹೆದರಿ ಮೆಕೆಂಜಿ ಪರ್ವತಗಳ ಮಂಜಿನ ಹಾಸುಗಳ ಮೇಲೆ ಹೋಗಿ ನಿಲ್ಲುತ್ತವೆ. ಬೇಟೆಗಾರರು ಅಲ್ಲಿಗೇ ಹೋಗುತ್ತಿದ್ದರು. ಗುರಿ ತಪ್ಪಿದ ಬಾಣ ಮಂಜಿನಲ್ಲಿ ಹೂತು ಕಳೆದುಹೋಗುತ್ತಿತ್ತು. ಈಗ ಆ ಮಂಜು ಕರಗುತ್ತಿದೆ. ಸಾವಿರ ವರ್ಷದ ಹಿಂದೆ ಅಳಿಲು ಹಿಡಿಯಲು ಹೆಣೆದ ಉರುಳು, 2,400 ವರ್ಷ ಹಳೆಯ ಈಟಿ ಎಸೆಯುವ ಸಲಕರಣೆ, ಬಿಲ್ಲು, ಬಾಣ ಎಲ್ಲ ಹೊರಬಂದಿವೆ. ಹುಡುಕುವವರಿಗೆ ಗುರುತು ಮಂಜಿನಲ್ಲಿ ಕಪ್ಪಗೆ ಪದರುಗಟ್ಟಿದ ಕ್ಯಾರಿಬೂ ಹಿಕ್ಕೆ. ಆದರೆ ಹೊರಬಿದ್ದ ಮರವೂ ನಾರೂ ಗಾಳಿಗೆ ಒಣಗಿ ಬಲುಬೇಗ ಪುಡಿಯಾಗುತ್ತವೆ. ಅದಕ್ಕೇ ಸಂಶೋಧಕರು ತುಲಿತಾದ ಜನರನ್ನು ಜೊತೆಗೂಡಿಸಿಕೊಂಡು ಹೆಲಿಕಾಪ್ಟರ್ ಹತ್ತಿ, ಬೇಸಿಗೆಯ ಕೊನೆಗೆ, ಹೊಸ ಹಿಮ ಬೀಳುವುದರೊಳಗೆ ಅಲ್ಲಿಗೆ ಮುಟ್ಟಬೇಕು.