ಮಣಿಮಂಗಲಕ್ಕೆ ದಾರಿ ತೋರಿಸಿದ ಹಾಳೆ

ಮದರಾಸಿನ ಸೆಂಟ್ರಲ್ ಸ್ಟೇಷನ್ ಪಕ್ಕದ ಮೂರ್ ಮಾರ್ಕೆಟ್ 1985ರಲ್ಲಿ ಸುಟ್ಟುಹೋಯಿತು. ಅದಕ್ಕೂ ಮುಂಚೆ ಆ ಊರಿನಲ್ಲಿ ಇದ್ದವರು ಯಾರೂ ಅಲ್ಲಿನ ಹಳೇ ಪುಸ್ತಕದ ಅಂಗಡಿಗಳನ್ನು ಮರೆತಿರಲಾರರು. ನಮ್ಮ ಗುಂಪಿನ ಮೇಷ್ಟ್ರಿಗೆ ಆ ಹಾಳೆ ಸಿಕ್ಕಿದ್ದು ಅಲ್ಲೇ. ಬಟ್ಟೆಗೆ ಅಂಟಿಸಿದ, ಮಡಿಕೆಗಳಲ್ಲಿ ಸವೆದ, ಬ್ರಿಟಿಷರ ಕಾಲದ ಸರ್ವೆ ಆಫ್ ಇಂಡಿಯಾ ಟೋಪೋಶೀಟ್. ಸಂಖ್ಯೆ 66 ಡಿ/1, ಮೈಲಿಗೆ ಒಂದು ಇಂಚಿನ ಅಳತೆ. ಕರಾವಳಿ ಭಾಗದ ಹೊಸ ನಕ್ಷೆಗಳು ಜನಸಾಮಾನ್ಯರ ಕೈಗೆ ಸಿಗದಿದ್ದ ಕಾಲ ಅದು. ನಮಗೆ ನಿಧಿ ಸಿಕ್ಕಷ್ಟು ಸಂತೋಷವಾಗಿತ್ತು.

ಮೈಲಾಪುರದ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಕುಂದಾಪುರದ ಗೆಳೆಯ, ಬ್ಯಾಂಕಿನಲ್ಲಿದ್ದ ಧಾರವಾಡದವನು, ಮರೀನಾ ಎದುರಿನ ವಿಶ್ವವಿದ್ಯಾಲಯದಲ್ಲಿ ಕನ್ನಡ ಓದುತ್ತಿದ್ದ ಇಬ್ಬರು, ನಾನು, ನಿವೃತ್ತರಾಗಿದ್ದ ಮೇಷ್ಟ್ರು. ಭಾನುವಾರ ಬೆಳಗಾದರೆ ಕಾಫಿ ಕುಡಿದು, ಮೊಸರನ್ನದ ಪೊಟ್ಟಣ ಕಟ್ಟಿಕೊಂಡು ಹೊರಡುತ್ತಿದ್ದೆವು.

ನಕ್ಷೆ ಓದುವುದನ್ನು ಕಲಿಸಿದವರು ಮೇಷ್ಟ್ರೇ. ಕಂದು ಗೆರೆ ಕಂಡರೆ ನೆಲದ ಏರಿಳಿತ, ನೀಲಿ ಕಂಡರೆ ನೀರು, ಪುಟ್ಟ ತ್ರಿಕೋನ ಕಂಡರೆ ಅಲ್ಲೊಂದು ಸರ್ವೆ ಕಲ್ಲು. ಕೆರೆಯ ದಂಡೆಯ ಗುಂಟ ಸಣ್ಣಕ್ಷರದಲ್ಲಿ ಒಂದು ಅಂಕಿ, ಅದರ ಜೊತೆ ‘ಆರ್’ ಎಂಬ ಇಂಗ್ಲಿಷ್ ಅಕ್ಷರ ಇರುತ್ತಿತ್ತು. ಸುತ್ತಲಿನ ನೆಲಕ್ಕಿಂತ ದಂಡೆ ಅಷ್ಟು ಎತ್ತರ ಎಂದು ಅರ್ಥ. ನಮ್ಮ ಧಾರವಾಡದ ಗೆಳೆಯ ಪ್ರತಿ ಕೆರೆಯ ದಂಡೆ ಹತ್ತಿದಾಗಲೂ ಕೆಳಗಿಳಿದು, ಕೋಲು ನಿಲ್ಲಿಸಿ, ಆ ಅಂಕಿ ಸರಿಯೇ ಎಂದು ನೋಡುತ್ತಿದ್ದ. ಬಿಸಿಲಲ್ಲಿ ಸರಪಳಿ ಎಳೆದುಕೊಂಡು ಯಾರೋ ಖಲಾಸಿ ಇದೇ ದಂಡೆಯ ಮೇಲೆ ನಿಂತಿದ್ದನಲ್ಲ ಎನ್ನುವುದೇ ಅವನಿಗೆ ದೊಡ್ಡ ಬೆರಗು.

ಆ ಸರಪಳಿಯ ಕಥೆಯೂ ನಮ್ಮ ನೆರೆಯಲ್ಲೇ ಇತ್ತು. ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್ 10ರಂದು ಸೇಂಟ್ ಥಾಮಸ್ ಮೌಂಟ್ ಬಳಿ, ನೂರು ಅಡಿಯ ಉಕ್ಕಿನ ಸರಪಳಿಯಿಂದ ಪೆರುಂಬಾಕ್ಕಂ ದಿಕ್ಕಿಗೆ ಸುಮಾರು ಏಳೂವರೆ ಮೈಲಿಯ ಆಧಾರರೇಖೆ ಅಳೆಯಲು ಶುರುಮಾಡಿದ. ಭಾರತದ ಮಹಾ ತ್ರಿಕೋನಮಾಪನಕ್ಕೆ ತಳಹದಿ ಬಿದ್ದದ್ದು ಹಾಗೆ. ಗುಡ್ಡದ ಮೇಲೆ ನಿಂತು, ಹಾಳೆಯನ್ನು ಗಾಳಿಗೆ ಹಾರದಂತೆ ನಾಲ್ಕು ಕೈಗಳಲ್ಲಿ ಹಿಡಿದು, ಆ ಗೆರೆ ಹಾದುಹೋದ ಬಯಲನ್ನು ನೋಡುತ್ತ ನಿಂತದ್ದುಂಟು.

ಆದರೆ ನಮ್ಮ ಮನಸ್ಸನ್ನು ಗೆದ್ದ ಊರು ಮಣಿಮಂಗಲ. ತಾಂಬರಂವರೆಗೆ ಎಲೆಕ್ಟ್ರಿಕ್ ಟ್ರೈನು, ಅಲ್ಲಿಂದ ಬಸ್ಸು, ಮುಂದೆ ನಡಿಗೆ. ಹಾಳೆಯಲ್ಲಿ ಅದು ದೊಡ್ಡದೊಂದು ನೀಲಿ ಕೆರೆಯ ಪಕ್ಕದ ಸಣ್ಣ ಊರು, ಅಷ್ಟೇ. ಆದರೆ ಕೂರಂ ತಾಮ್ರಶಾಸನದ ಪ್ರಕಾರ ಪಲ್ಲವ ನರಸಿಂಹವರ್ಮ ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಯನ್ನು ಸೋಲಿಸಿದ ಕಾಳಗಗಳಲ್ಲಿ ಒಂದು ನಡೆದದ್ದು ಇಲ್ಲೇ. ಪುಲಕೇಶಿ ಎಂದರೆ ಹರ್ಷನನ್ನು ತಡೆದವನು ಎಂದು ಶಾಲೆಯಲ್ಲಿ ಕಲಿತಿದ್ದ ನಾವು, ಅವನು ಸೋತ ಗದ್ದೆಬಯಲಿನಲ್ಲಿ ಕೂತು ಮೊಸರನ್ನ ತಿಂದೆವು. ಅಲ್ಲಿಯ ರಾಜಗೋಪಾಲ ಪೆರುಮಾಳ್ ದೇವಾಲಯದ ಗೋಡೆಗಳಲ್ಲಿ ಚೋಳರ ಶಾಸನಗಳಿವೆ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರೊಂದಿಗೆ ನಡೆದ ಕೊಪ್ಪಂ ಮತ್ತು ಕೂಡಲಸಂಗಮದ ಯುದ್ಧಗಳನ್ನು ಅವು ಚೋಳರ ಕಡೆಯಿಂದ ಹೇಳುತ್ತವೆ. ತಮಿಳು ಓದಬಲ್ಲ ನಮ್ಮ ವಿದ್ಯಾರ್ಥಿ ಗೆಳೆಯ ಕಲ್ಲಿನ ಮೇಲೆ ಬೆರಳಾಡಿಸುತ್ತ ಚಾಲುಕ್ಯ ದೊರೆ ಆಹವಮಲ್ಲನ ಹೆಸರು ಹುಡುಕುತ್ತಿದ್ದ. ಮದರಾಸಿಗೆ ಹೊಟ್ಟೆಪಾಡಿಗೆ ಬಂದವರು ನಾವು ಎಂದುಕೊಂಡಿದ್ದೆವು. ನಮ್ಮ ನಾಡಿನ ಕಥೆ ನಮಗಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದು ಈ ಮಣ್ಣಿನಲ್ಲಿ ಬೆರೆತಿತ್ತು. ಆ ಮಧ್ಯಾಹ್ನದಿಂದ ಈ ಊರಿನಲ್ಲಿ ನಾವು ಹೊರಗಿನವರು ಎಂಬ ಭಾವನೆ ಹೋಯಿತು.

ಹಾಳೆ ನೆಲದ ಮೇಲೆ ಹಾಸಿದರೆ ಸಾಕು, ಊರಿನ ಹಿರಿಯರು ಸುತ್ತ ಕೂರುತ್ತಿದ್ದರು. ಇಂಗ್ಲಿಷ್ ಬಾರದಿದ್ದರೂ ತಮ್ಮ ಕೆರೆಯ ಆಕಾರವನ್ನು ನೋಡಿದೊಡನೆ ಗುರುತಿಸುತ್ತಿದ್ದರು. ಒಬ್ಬ ಅಜ್ಜ ತೂಬು ಎಲ್ಲಿದೆ, ಕೋಡಿ ಬಿದ್ದ ನೀರು ಯಾವ ಕೆರೆಗೆ ಇಳಿಯುತ್ತದೆ, ಊರೆಲ್ಲ ಸೇರಿ ಹೂಳೆತ್ತುತ್ತಿದ್ದ ಕುಡಿಮರಾಮತ್ತು ಹೇಗೆ ನಡೆಯುತ್ತಿತ್ತು ಎಂದು ಉಗುರಿನಿಂದ ಗೆರೆ ಎಳೆದು ವಿವರಿಸಿದ್ದರು. ಅಡ್ಯಾರ್ ನದಿ ಹುಟ್ಟುವುದೇ ಈ ಮಣಿಮಂಗಲದ ಸುತ್ತಿನ ಕೆರೆಗಳಲ್ಲಿ. ಅಜ್ಜನ ಉಗುರು ಪೂರ್ವಕ್ಕೆ ಸರಿಯುತ್ತ ಮುಡಿಚೂರು ದಾಟಿ ಹೋದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಯಾಕೆಂದರೆ 2015ರ ಡಿಸೆಂಬರ್ ಮಳೆಯಲ್ಲಿ ನೀರು ಹೋದದ್ದೂ ಅದೇ ದಾರಿಯಲ್ಲಿ. ಮುಡಿಚೂರು, ವರದರಾಜಪುರದ ಬಡಾವಣೆಗಳು ಮುಳುಗಿದವು. ನಮ್ಮ ಹಾಳೆಯಲ್ಲಿ ಬರೀ ಗದ್ದೆ, ಕೆರೆ, ತಾಳೆಮರಗಳಿದ್ದ ಜಾಗಗಳವು. ಅದೇ ಹಾಳೆಯಲ್ಲಿದ್ದ ವೇಳಚ್ಚೇರಿ ಕೆರೆ ಕುಗ್ಗಿದೆ, ಪಳ್ಳಿಕರಣೆಯ ಜೌಗು ಅಂಚುಗಳಿಂದ ಕರಗುತ್ತ ಬಂದಿದೆ. ಉಳಿದದ್ದಕ್ಕೆ 2022ರಲ್ಲಿ, ಜೌಗುನೆಲಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಹಳೆಯ ಹಾಳೆ ನೋಡಿ ಮನೆ ಕಟ್ಟಿದ್ದರೆ ಎಷ್ಟೋ ಸಂಸಾರಗಳ ಕಣ್ಣೀರು ತಪ್ಪುತ್ತಿತ್ತು.

ಮೇಷ್ಟ್ರು ಈಗಿಲ್ಲ. ಕುಂದಾಪುರದವನು ಊರು ಸೇರಿದ್ದಾನೆ. ಫೋನಿನಲ್ಲಿ ಸಿಕ್ಕಾಗಲೆಲ್ಲ ಮೊದಲು ಕೇಳುವುದು, ಮಣಿಮಂಗಲದ ಕೆರೆ ತುಂಬಿದೆಯಾ ಎಂದು. ಅವನಿಗೂ ನಿಮಗೂ ನಾನು ಹೇಳುವುದು ಒಂದೇ. 2017ರಿಂದ ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲಿ ಟೋಪೋಶೀಟುಗಳನ್ನು ಬಿಟ್ಟಿಯಾಗಿ ಇಳಿಸಿಕೊಳ್ಳಬಹುದು. ನಿಮ್ಮೂರಿನದೊಂದು ಇಳಿಸಿಕೊಳ್ಳಿ, ಹಳೆಯದು ಎಲ್ಲಾದರೂ ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸಿ, ಮಕ್ಕಳನ್ನು ಕರೆದುಕೊಂಡು ಕೆರೆಯ ದಂಡೆಗೆ ಹೋಗಿ ಹಾಸಿ ಕೂರಿ. ಹಾಳೆ ಮುಂದೆಯೂ ಸಿಕ್ಕೀತು. ಅದರ ಮೇಲೆ ಬೆರಳಿಟ್ಟು ನೀರಿನ ದಾರಿ ಹೇಳಬಲ್ಲ ಹಿರಿಯರು ಇರುವಾಗಲೇ ಹೊರಡಿ.